ದೋಣಿಯಲ್ಲಿ ಗ್ಯಾಸ್ ಫ್ರಿಜ್ ಕೂರಿಸಬಹುದೇ? ಬಲ್ಲವರು ತಿಳಿಸಿ

ಪಿ.ಜೆ. ಬಡಾವಣೆಯವ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ದಾವಣಗೆರೆಯವನಿಗೆ ದೋಣಿ ಎಲ್ಲಿಂದ ಬಂತು ಎಂದು ನಗುವವರು ಮೊದಲೇ ನಕ್ಕು ಮುಗಿಸಿ. ನಾನೂ ನನ್ನ ಭಾವನೂ ಸೇರಿ ಗಂಗೊಳ್ಳಿಯಲ್ಲಿ ಒಂದು ಹಳೆಯ ಫೈಬರ್ ದೋಣಿ ಕೊಂಡಿದ್ದೇವೆ. ಇಪ್ಪತ್ತೆಂಟು ಅಡಿ ಉದ್ದ, ನಡುವೆ ಮೂರು ಮೆಟ್ಟಿಲು ಇಳಿದು ಹೋಗುವ ಕ್ಯಾಬಿನ್, ಹಿಂಬದಿಯಲ್ಲಿ ಪೆಟ್ರೋಲ್ ಔಟ್‌ಬೋರ್ಡ್ ಎಂಜಿನ್. ಸಮುದ್ರಕ್ಕೆ ಹೋಗುವ ಆಸೆ ಇಲ್ಲ. ಹಿನ್ನೀರಿನಲ್ಲಿ ಎರಡು ರಾತ್ರಿ ತಂಗಿ ಬರುವಷ್ಟೇ.

ಬೆಂಗಳೂರಿನಲ್ಲಿ ಒಬ್ಬರು ಹಳೆಯ ಕ್ಯಾರವಾನ್ ಬಿಚ್ಚುತ್ತಿದ್ದರು. ಅದರಲ್ಲಿದ್ದ 60 ಲೀಟರಿನ ಫ್ರಿಜ್ ಅಗ್ಗಕ್ಕೆ ಸಿಕ್ಕಿತು. ಗ್ಯಾಸ್, 12 ವೋಲ್ಟ್, 230 ವೋಲ್ಟ್, ಮೂರರಲ್ಲೂ ನಡೆಯುತ್ತದೆ. ಹಿಂಬದಿಯ ತಗಡಿನಲ್ಲಿ 30 ಮಿಲಿಬಾರ್ ಎಂದು ಬರೆದಿದೆ. ಹಿತ್ತಲಿನಲ್ಲಿಟ್ಟು ಮನೆಯ ಸಿಲಿಂಡರಿನಿಂದ ಹೊತ್ತಿಸಿ ನೋಡಿದೆ. ಬೆಳಗ್ಗೆ ಹೊತ್ತಿಗೆ ಲೋಟದ ನೀರು ಗಟ್ಟಿ. ಸದ್ದೇ ಇಲ್ಲ, ಇದು ನಡೆಯುತ್ತಿದೆಯೋ ಇಲ್ಲವೋ ಎಂದು ಮನೆಯವಳು ಎರಡು ಸಲ ಬಾಗಿಲು ತೆಗೆದು ನೋಡಿದಳು.

ಮೆಟ್ಟಿಲ ಕೆಳಗೆ ಫ್ರಿಜ್ಜಿಗೆ ಸರಿಯಾದ ಜಾಗವಿದೆ, ಪಕ್ಕದಲ್ಲೇ ಸಿಲಿಂಡರೂ ನಿಲ್ಲುತ್ತದೆ. ಹಾಲು, ಮೀನು, ಬೆಣ್ಣೆ ಇಡಬೇಕು. ಬೆಣ್ಣೆ ಇಲ್ಲದೆ ಊರು ಬಿಡುವವರಲ್ಲ ನಾವು. ಅಲೆಯ ಓಲಾಟಕ್ಕೆ ಇದು ಕೆಟ್ಟುಹೋಗುತ್ತದೆಯೇ? ಸಿಲಿಂಡರ್ ಒಳಗಿಡಬಹುದೇ?

ಪ್ರಯಾಣಪ್ರಿಯ:

ಧೈರ್ಯವಾಗಿ ಹಾಕಿ ಸಾರ್. ಮನೆಯಲ್ಲಿ ಸಿಲಿಂಡರ್ ಅಡುಗೆಮನೆಯ ಒಳಗೇ ಇರುವುದಿಲ್ಲವೇ? ಕ್ಯಾಬಿನ್ನಿನ ಕಿಟಕಿ ತೆರೆದಿಟ್ಟರೆ ಸಾಕು.

ಕೋಟೆ ಮೆಕ್ಯಾನಿಕ್ (ಚಿತ್ರದುರ್ಗ):

ಮೇಲಿನ ತಮ್ಮನ ಮಾತು ಕೇಳಬೇಡಿ ಸ್ವಾಮಿ. ಅಡುಗೆ ಅನಿಲ ಕಿಟಕಿಯತ್ತ ಏರುವುದಿಲ್ಲ. ಅದು ಗಾಳಿಗಿಂತ ಭಾರ: ಪ್ರೊಪೇನ್ ಒಂದೂವರೆ ಪಟ್ಟು, ಬ್ಯುಟೇನ್ ಎರಡು ಪಟ್ಟು, ನಮ್ಮ ಸಿಲಿಂಡರಿನಲ್ಲಿರುವುದು ಈ ಎರಡರ ಮಿಶ್ರಣ. ಮನೆಯಲ್ಲಿ ಸೋರಿದರೆ ನೆಲದ ಮೇಲೆ ಹರಿದು ಬಾಗಿಲ ಸಂದಿಯಲ್ಲಿ ಹೊರಗೆ ಹೋಗಲು ದಾರಿಯಾದರೂ ಇದೆ. ದೋಣಿಯ ತಳಕ್ಕೆ ಬಾಗಿಲೆಲ್ಲಿ? ಕೊಪ್ಪರಿಗೆಯಲ್ಲಿ ನೀರು ನಿಂತ ಹಾಗೆ ಗ್ಯಾಸ್ ತಳದಲ್ಲಿ ನಿಲ್ಲುತ್ತದೆ. ನೂರು ಪಾಲು ಗಾಳಿಯಲ್ಲಿ ಎರಡು ಪಾಲು ಸೇರಿದರೆ ಹೊತ್ತಿಕೊಳ್ಳಲು ಸಾಕು. ನಿಮ್ಮ ಫ್ರಿಜ್ಜಿನ ಬರ್ನರ್ ಇರುವುದೂ ಅದರ ಬುಡದಲ್ಲೇ, ಹಗಲೂ ರಾತ್ರಿ ಉರಿಯುತ್ತಾ. ವಾಸನೆ ಬಂದರೆ ಗೊತ್ತಾಗುತ್ತದೆ ಎನ್ನುತ್ತೀರಿ. ಮೀನಿನ ನೀರು, ಪೆಟ್ರೋಲು ಎರಡೂ ನಾರುವ ಜಾಗದಲ್ಲಿ, ಮಲಗಿರುವಾಗ?

ಆದ್ದರಿಂದ ಮೊದಲು ಸಿಲಿಂಡರಿನ ಜಾಗ ಗೊತ್ತುಮಾಡಿ, ಫ್ರಿಜ್ಜಿನದು ಆಮೇಲೆ. ಸಿಲಿಂಡರ್ ದೋಣಿಯ ಮೇಲ್ಗಡೆ, ಕ್ಯಾಬಿನ್ನಿನ ಹೊರಗೆ, ನೆಟ್ಟಗೆ ನಿಲ್ಲಬೇಕು, ಅಲುಗಾಡದಂತೆ ಪಟ್ಟಿ ಬಿಗಿಯಬೇಕು. ಪೆಟ್ಟಿಗೆಯೊಳಗೆ ಇಡುವುದಾದರೆ ಆ ಪೆಟ್ಟಿಗೆಯ ಬಾಗಿಲು ಮೇಲ್ಗಡೆ ಮಾತ್ರ ಇರಬೇಕು, ಕ್ಯಾಬಿನ್ ಕಡೆಗೆ ಒಂದು ಸೂಜಿ ತೂತೂ ಇರಬಾರದು. ಪೆಟ್ಟಿಗೆಯ ಅಡಿಯಿಂದ ಹೊರಕ್ಕೆ ಕನಿಷ್ಠ 19 ಮಿ.ಮೀ. ಒಳವ್ಯಾಸದ ಕೊಳವೆ ಇಳಿಜಾರಾಗಿ ಹೋಗಿ, ದೋಣಿ ಪೂರ್ತಿ ಭಾರ ಹೊತ್ತಾಗಲೂ ನೀರಿನ ಮಟ್ಟಕ್ಕಿಂತ ಮೇಲೆ ತೆರೆದುಕೊಳ್ಳಬೇಕು. ಸೋರಿದ್ದು ಹೊಳೆಯ ಮೇಲೆ ಹರಿದು ಹೋಗಲಿ.

ರೆಗ್ಯುಲೇಟರ್ ವಿಷಯ. ಮನೆಯ ರೆಗ್ಯುಲೇಟರಿನ ಒತ್ತಡ ಹೆಚ್ಚು ಕಡಿಮೆ 30 ಮಿಲಿಬಾರೇ, ನಿಮ್ಮ ತಗಡಿಗೆ ಹೊಂದುತ್ತದೆ. ಹೋಟೆಲಿನ ಭಟ್ಟಿಗೆ ಹಾಕುವ, ತಿರುವಿದಷ್ಟೂ ಜೋರಾಗುವ ರೆಗ್ಯುಲೇಟರನ್ನು ಮಾತ್ರ ಇದರ ಹತ್ತಿರ ತರಬೇಡಿ. ಉದ್ದಕ್ಕೂ ತಾಮ್ರದ ಕೊಳವೆ, ಎರಡು ತುದಿಗೆ ಮಾತ್ರ ಐ.ಎಸ್.ಐ. ಗುರುತಿನ ರಬ್ಬರ್ ಪೈಪ್. ಅದಕ್ಕೆ ಐದು ವರ್ಷಕ್ಕಿಂತ ಹೆಚ್ಚು ಆಯಸ್ಸಿಲ್ಲ. ಕೊಳವೆ ಹಲಗೆ ದಾಟುವಲ್ಲೆಲ್ಲ ರಬ್ಬರ್ ಬಳೆ ಹಾಕದಿದ್ದರೆ ಎಂಜಿನ್ನಿನ ನಡುಕಕ್ಕೆ ತಾಮ್ರ ಸವೆಯುತ್ತದೆ. ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ಗುಳ್ಳೆ ನೋಡಿ. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಶೂರರು ನಮ್ಮ ದುರ್ಗದಲ್ಲೂ ಇದ್ದಾರೆ, ಅವರನ್ನು ಕರೆಯಬೇಡಿ.

ಇನ್ನು ಓಲಾಟ. ಈ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ, ಅದಕ್ಕೇ ಸದ್ದಿಲ್ಲ. 1922ರಲ್ಲಿ ಸ್ವೀಡನ್ನಿನ ಫಾನ್ ಪ್ಲಾಟೆನ್, ಮುಂಟರ್ಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಹೊರತಂದ ಯುಕ್ತಿ ಇದು. ಬುಡದ ಬೆಂಕಿಗೆ ಅಮೋನಿಯ ಆವಿಯಾಗಿ ಮೇಲೇರುತ್ತದೆ, ಹಿಂಬದಿಯ ಕೊಳವೆಗಳಲ್ಲಿ ತಣಿದು ದ್ರವವಾಗುತ್ತದೆ, ಒಳಗೆ ಹೈಡ್ರೋಜನ್ ಜೊತೆ ಸೇರಿ ಮತ್ತೆ ಆವಿಯಾಗುವಾಗ ಶಾಖ ಹೀರುತ್ತದೆ, ಕೊನೆಗೆ ನೀರಿನಲ್ಲಿ ಕರಗಿ ಬುಡಕ್ಕೆ ಇಳಿಯುತ್ತದೆ. ತಳ್ಳುವ ಪಂಪಿಲ್ಲ, ಇಳಿಯುವುದೆಲ್ಲ ತನ್ನ ಭಾರಕ್ಕೆ. ಹಾಗಾಗಿ ಮಟ್ಟವೇ ಇದರ ಪ್ರಾಣ. ನಾನು ಕೆಲಸ ಕಲಿತ ಕಾಲದಲ್ಲಿ ಮೊಳಕಾಲ್ಮೂರು ಕಡೆ ಕರೆಂಟನ್ನು ನೆಚ್ಚಲಾಗದ ಹಳ್ಳಿಗಳಲ್ಲಿ ಇದೇ ಜಾತಿಯ ಸೀಮೆಎಣ್ಣೆ ಫ್ರಿಜ್ಜುಗಳಿದ್ದವು. ‘ತಣ್ಣಗಾಗುತ್ತಿಲ್ಲ’ ಎಂದು ಕರೆ ಬಂದರೆ ನಮ್ಮ ಯಜಮಾನರು ಸ್ಪಾನರ್ ಚೀಲ ಬಿಚ್ಚುತ್ತಲೇ ಇರಲಿಲ್ಲ. ಗಾರೆಯವರ ರಸಮಟ್ಟ ತೆಗೆದು ಮಂಜುಗಡ್ಡೆ ಗೂಡಿನ ತಟ್ಟೆಯ ಮೇಲೆ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಡುತ್ತಿದ್ದರು. ಗುಳ್ಳೆ ಗೆರೆಯಾಚೆ ನಿಂತಿದ್ದರೆ ಕಾಲಿನ ಕೆಳಗೆ ಒಂದು ಹಲಗೆ ಚೂರು ತುರುಕಿ, ಚಹಾ ಕುಡಿದು ಹೊರಡುತ್ತಿದ್ದರು. ಮರುದಿನ ಮಂಜು ಕಟ್ಟಿರುತ್ತಿತ್ತು.

ಅಲೆಗೆ ಅತ್ತಿತ್ತ ತೂಗಿದರೆ ಕೆಡುವುದಿಲ್ಲ, ಸರಾಸರಿ ಮಟ್ಟ ಉಳಿಯುತ್ತದೆ. ಒಂದೇ ಕಡೆಗೆ ವಾಲಿ ನಿಲ್ಲುವುದು ಕೆಟ್ಟದ್ದು. ಹಳೆಯ ಮಾದರಿಗಳು ಮೂರು ಡಿಗ್ರಿಗಿಂತ ಹೆಚ್ಚು ತಡೆಯುವುದಿಲ್ಲ. ಗಂಗೊಳ್ಳಿಯ ಅಳಿವೆಯಲ್ಲಿ ಇಳಿತ ಬಂದಾಗ ನಿಮ್ಮ ದೋಣಿ ಕೆಸರಿನ ಮೇಲೆ ಪಕ್ಕಕ್ಕೆ ಮಲಗುತ್ತದೆಯೇ ನೋಡಿ. ಮಲಗುವುದಾದರೆ ಆ ಹೊತ್ತಿನಲ್ಲಿ ಫ್ರಿಜ್ ಆರಿಸಲೇಬೇಕು. ಇಲ್ಲವಾದರೆ ದ್ರವ ಇಳಿಯದೆ ಬುಡ ಒಣಗಿ ಕಾಯುತ್ತದೆ, ತುಕ್ಕು ತಡೆಯಲು ಹಾಕಿರುವ ಸೋಡಿಯಂ ಕ್ರೋಮೇಟ್ ಹರಳುಗಟ್ಟಿ ಕೊಳವೆ ಕಟ್ಟಿಕೊಳ್ಳುತ್ತದೆ. ಹಿಂಬದಿಯಲ್ಲಿ ಹಳದಿ ಪುಡಿ, ಮೂಗಿಗೆ ಅಮೋನಿಯದ ಘಾಟು ಕಂಡರೆ ಅದರ ಕಥೆ ಮುಗಿಯಿತು. ಬೆಸುಗೆ ಹಾಕಿಸಲು ಹೋಗಬೇಡಿ. ಒಳಗೆ ಒತ್ತಡದಲ್ಲಿ ಹೈಡ್ರೋಜನ್ ಇದೆ.

ಹೊಗೆಗೆ ಬೇರೆಯೇ ಕೊಳವೆ ಬೇಕು, ನೇರ ಹೊರಕ್ಕೆ. ಮುಚ್ಚಿದ ಕ್ಯಾಬಿನ್ನಿನಲ್ಲಿ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ವಾಸನೆಯೂ ಇಲ್ಲ. ಜ್ವಾಲೆ ನೀಲಿ ಇರಬೇಕು. ಹಳದಿಯಾದರೆ ಜೆಟ್, ಅಂದರೆ ಗ್ಯಾಸ್ ಚಿಮ್ಮುವ ಸಣ್ಣ ತೂತಿನ ತುಂಡು, ಕೊಳೆಯಾಗಿದೆ ಅಥವಾ ಗಾಳಿ ಸಾಲದು. ಜೆಟ್ ಕಳಚಿ ಸ್ಪಿರಿಟ್ಟಿನಲ್ಲಿ ನೆನೆಸಿ ಊದಿ. ಪಿನ್ನು ಚುಚ್ಚಿದರೆ ತೂತು ದೊಡ್ಡದಾಗುತ್ತದೆ. ಜ್ವಾಲೆಯನ್ನು ಬೇಕೆಂದೇ ಆರಿಸಿ ನೋಡಿ: ಒಂದು ನಿಮಿಷದ ಆಸುಪಾಸಿನಲ್ಲಿ ‘ಟಕ್’ ಎಂದು ಗ್ಯಾಸ್ ತಾನೇ ನಿಲ್ಲಬೇಕು. ನಿಲ್ಲದಿದ್ದರೆ ಜ್ವಾಲೆಯ ಬಿಸಿ ಅರಿಯುವ ಥರ್ಮೋಕಪಲ್ ಅಥವಾ ಗ್ಯಾಸ್ ಮುಚ್ಚುವ ಕವಾಟ ಹೋಗಿದೆ, ದೋಣಿಗೆ ಏರಿಸುವ ಮಾತೇ ಇಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಬೇಡ ಎಂದೇ. ಕಾರಣ ನಿಮ್ಮ ಪೆಟ್ರೋಲ್ ಎಂಜಿನ್. ಅದರ ಆವಿಯೂ ತಳಕ್ಕೇ ಇಳಿಯುತ್ತದೆ. ಕ್ಯಾಬಿನ್ನಿನಲ್ಲಿ ತೆರೆದ ಜ್ವಾಲೆ, ಹಿಂದೆ ಪೆಟ್ರೋಲ್ ಟ್ಯಾಂಕು: ಈ ಜೋಡಿಗೆ ನಾನು ಕೈ ಹಾಕುವುದಿಲ್ಲ.

ಬಸ್ರೂರು ಮೂಲದವ:

ಮೆಕ್ಯಾನಿಕ್ ಅಣ್ಣ ಹೇಳಿದ್ದು ಸರಿ. ನಮ್ಮ ಕಡೆ ಮೀನಿಗೆ ಐಸ್ ಪೆಟ್ಟಿಗೆಯೇ. ಬಂದರಿನಲ್ಲಿ ಪುಡಿ ಐಸ್ ಸಿಗುತ್ತದೆ, ದಪ್ಪ ಥರ್ಮಕೋಲಿನ ಪೆಟ್ಟಿಗೆಯಲ್ಲಿ ಎರಡು ದಿನಕ್ಕೆ ಮೋಸವಿಲ್ಲ. ಇನ್ನೊಂದು ಮಾತು: ಉಪ್ಪುಗಾಳಿಗೆ ಬರ್ನರಿನ ತಗಡು ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ದೋಣಿ ಖಾಲಿ ಬಿಟ್ಟರೆ ಹೊಗೆ ಕೊಳವೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದೂ ಉಂಟು.

ಪಿ.ಜೆ. ಬಡಾವಣೆಯವ:

ಇಳಿತದಲ್ಲಿ ದೋಣಿ ಮಲಗುವುದು ನಿಜ. ಭಾವನಿಗೆ ಫೋನ್ ಮಾಡಿ ಕೇಳಿದೆ, ಎಡಕ್ಕೆ ಚೆನ್ನಾಗಿಯೇ ವಾಲುತ್ತದಂತೆ. ಗ್ಯಾಸ್ ಬಿಟ್ಟು 12 ವೋಲ್ಟಿನಲ್ಲಿ ಮಾತ್ರ ನಡೆಸಿದರೆ ಹೇಗೆ? 100 ಆಂಪಿಯರ್-ಅವರ್ ಬ್ಯಾಟರಿ ಇದೆ.

ಕೋಟೆ ಮೆಕ್ಯಾನಿಕ್:

ಒಂದು ರಾತ್ರಿಗೆ ಬ್ಯಾಟರಿ ಮಲಗುತ್ತದೆ. ಅಲ್ಲಿ ಬೆಂಕಿಯ ಬದಲು ಹೀಟರ್ ಕಾಯಿಲ್, ಎಂಟು ಆಂಪಿಯರಿನಷ್ಟು ನಿರಂತರ ಎಳೆತ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಚಾರ್ಜ್ ಆಗುತ್ತಿದ್ದರೆ ಮಾತ್ರ ಆ ಸ್ವಿಚ್ಚು. ಬ್ಯಾಟರಿಗೆ ತಕ್ಕದ್ದು 12 ವೋಲ್ಟಿನ ಕಂಪ್ರೆಸರ್ ಫ್ರಿಜ್. 40 ಲೀಟರಿನದು ನಡೆಯುವಾಗ ನಾಲ್ಕೈದು ಆಂಪಿಯರ್ ಎಳೆದರೂ ತಣ್ಣಗಾದ ಮೇಲೆ ಆಗಾಗ ನಿಲ್ಲುತ್ತದೆ, ದಿನಕ್ಕೆ 30ರಿಂದ 40 ಆಂಪಿಯರ್-ಅವರ್ ಲೆಕ್ಕ ಹಿಡಿಯಿರಿ. ಕ್ಯಾಬಿನ್ನಿನ ಮೇಲೆ 150 ವಾಟಿನ ಸೌರ ಫಲಕ ಹಾಕಿದರೆ ಬಿಸಿಲಿನ ದಿನಗಳಲ್ಲಿ ಚಿಂತೆಯಿಲ್ಲ. ದೋಣಿ ಸ್ವಲ್ಪ ವಾಲಿದರೂ ಆ ಫ್ರಿಜ್ ತಡೆಯುತ್ತದೆ. ದುಡ್ಡು ಜಾಸ್ತಿ, ಅದಂತೂ ನಿಜ.

ತೋಟದ ಮನೆ (ಚನ್ನಗಿರಿ):

ಹಾಗಾದರೆ ಆ ಗ್ಯಾಸ್ ಫ್ರಿಜ್ ಮಾರುತ್ತೀರಾ? ನಮ್ಮ ಅಡಿಕೆ ತೋಟದ ಮನೆಯಲ್ಲಿ ಕರೆಂಟು ಬರುವುದು ಪಂಪ್‌ಸೆಟ್ಟಿನ ಹೊತ್ತಿಗೆ ಮಾತ್ರ. ದಿನಕ್ಕೆ ಗ್ಯಾಸ್ ಎಷ್ಟು ಬೇಕು?

ಕೋಟೆ ಮೆಕ್ಯಾನಿಕ್:

ಆ ಅಳತೆಯದಕ್ಕೆ ದಿನಕ್ಕೆ ಸುಮಾರು 300 ಗ್ರಾಂ, 5 ಕೆ.ಜಿ. ಸಿಲಿಂಡರ್ ಎರಡು ವಾರ ಬರುತ್ತದೆ. ಬೇಸಿಗೆಯಲ್ಲಿ ಇನ್ನೂ ಬೇಗ ಮುಗಿಯುತ್ತದೆ. ನೆಲ ಗಾರೆಯದ್ದಾಗಿರಲಿ, ರಸಮಟ್ಟ ಇಟ್ಟು ನೋಡಿ. ಬೆನ್ನು ಹೊರಗೋಡೆಯ ಕಡೆಗಿರಲಿ, ಆ ಗೋಡೆಗೆ ಕೆಳಗೊಂದು ಮೇಲೊಂದು ಕಿಂಡಿ ಬಿಡಿ, ಹೊಗೆ ಕೊಳವೆ ಮೇಲಿನ ಕಿಂಡಿಯಾಚೆ ಹೋಗಲಿ. ಬೆಂಗಳೂರಿನಿಂದ ಮಲಗಿಸಿ ತಂದಿದ್ದರೂ, ನೀವು ಮಲಗಿಸಿ ಒಯ್ದರೂ, ಒಂದು ದಿನ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಹೊತ್ತಿಸಿ.

ಪಿ.ಜೆ. ಬಡಾವಣೆಯವ:

ಮಾರುತ್ತೇನೆ, ಆದರೆ ಭಾನುವಾರ ಬನ್ನಿ, ಆ ‘ಟಕ್’ ಸದ್ದನ್ನು ಇಬ್ಬರೂ ಸೇರಿ ಕೇಳೋಣ. ಬೆಲೆ ಆಮೇಲೆ ಮಾತಾಡೋಣ.