ಓದುಗರ ಸ್ಪಂದನ: ಬ್ಯಾಂಕೋ, ಎರಡನೆಯ ಸಂಪುಟವೋ?

ಕಳೆದ ಸಂಚಿಕೆಯಲ್ಲಿ ಹಾವೇರಿ ಜಿಲ್ಲೆಯ ಓದುಗರೊಬ್ಬರು ತಮ್ಮ ಸಮಸ್ಯೆಯನ್ನು ಮುಂದಿಟ್ಟಿದ್ದರು. ರಾಷ್ಟ್ರೀಕೃತ ಬ್ಯಾಂಕೊಂದರಲ್ಲಿ ಹದಿನೇಳು ವರ್ಷಗಳಿಂದ ಕ್ಲರ್ಕ್ ಆಗಿರುವ ಅವರು ಬೆಳಗಿನ ನಾಲ್ಕರಿಂದ ಆರರವರೆಗೆ ಬರೆದು ಒಂದು ವಿಜ್ಞಾನ ಕಾದಂಬರಿಯನ್ನೂ, ಎರಡು ಚಂದ್ರರಿರುವ ಲೋಕದಲ್ಲಿ ನಡೆಯುವ ಫ್ಯಾಂಟಸಿಯ ಮೊದಲ ಸಂಪುಟವನ್ನೂ ಪ್ರಕಟಿಸಿದ್ದಾರೆ. ಮೂರು ಸಂಪುಟಗಳಲ್ಲಿ ಮುಗಿಯಬೇಕಾದ ಆ ಕಥೆ ಎರಡನೆಯದರ ನಡುವೆ ನಿಂತಿದೆ. ಪ್ರಕಾಶಕರು ಗೌರವಧನದ ಬದಲು ಪುಸ್ತಕದ ಪ್ರತಿಗಳನ್ನೇ ಕೊಟ್ಟಿದ್ದಾರೆ; ಬಿಡುಗಡೆಯ ದಿನ ಹಿರಿಯ ವಿಮರ್ಶಕರೊಬ್ಬರು ಅದನ್ನು "ಒಳ್ಳೆಯ ಮಕ್ಕಳ ಸಾಹಿತ್ಯ" ಎಂದು ಕರೆದಿದ್ದಾರೆ. ರಾಜೀನಾಮೆ ಕೊಟ್ಟು ಪೂರ್ಣಾವಧಿ ಬರೆಯಲೇ ಎಂಬುದು ಅವರ ಪ್ರಶ್ನೆ. ಪತಿ ಒಪ್ಪಿದ್ದಾರೆ, ಅತ್ತೆ ಒಪ್ಪಿಲ್ಲ. ಅತ್ತೆಯವರ ಪರವಾಗಿ ಬಂದ ಪತ್ರಗಳು ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿವೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ.

ಲೆಕ್ಕ ಬಲ್ಲವರ ಪತ್ರದಿಂದಲೇ ಆರಂಭಿಸೋಣ.

ಮಾನ್ಯ ಸಹೋದರಿ, ತಾವು "ರಾಜೀನಾಮೆ" ಎಂಬ ಪದವನ್ನು ಬಳಸಿದ್ದೀರಿ. ಸಾಹಿತ್ಯದ ವಿಷಯ ನನಗೆ ತಿಳಿಯದು, ಆದರೆ ಆ ಪದ ಮಾತ್ರ ಚೆನ್ನಾಗಿ ತಿಳಿದಿದೆ. 1995ರ ಬ್ಯಾಂಕ್ ನೌಕರರ ಪಿಂಚಣಿ ನಿಯಮಾವಳಿಯ ಪ್ರಕಾರ ರಾಜೀನಾಮೆ ಕೊಟ್ಟವರು ಅದುವರೆಗಿನ ಸೇವೆಯನ್ನೂ ಅದರೊಂದಿಗೆ ಪಿಂಚಣಿಯನ್ನೂ ಕಳೆದುಕೊಳ್ಳುತ್ತಾರೆ. 20 ವರ್ಷಗಳ ಅರ್ಹ ಸೇವೆ ಮುಗಿಸಿ ಸ್ವಯಂ ನಿವೃತ್ತಿ ಪಡೆದವರಿಗೆ ಪಿಂಚಣಿ ಉಂಟು. ತಾವು 2010ರ ಏಪ್ರಿಲ್‌ಗೆ ಮೊದಲೇ ಸೇರಿದವರಾದ್ದರಿಂದ ಈ ನಿಯಮ ತಮಗೆ ಅನ್ವಯಿಸುತ್ತದೆ. ಇನ್ನು ಮೂರು ವರ್ಷ ಸಹಿಸಿಕೊಂಡರೆ ಬದುಕಿರುವವರೆಗೂ ತಿಂಗಳಿಗೊಮ್ಮೆ ಗೌರವಧನ ಬಂದಂತಾಗುತ್ತದೆ, ಅದನ್ನು ಯಾವ ಪ್ರಕಾಶಕರೂ ಪ್ರತಿಗಳ ರೂಪದಲ್ಲಿ ಕೊಡುವುದಿಲ್ಲ. ಸಿಬ್ಬಂದಿಗೆ ಸಿಗುವ ರಿಯಾಯಿತಿ ಬಡ್ಡಿಯ ಗೃಹಸಾಲವಿದ್ದರೆ ಕೆಲಸ ಬಿಟ್ಟ ಮೇಲೆ ಅದರ ಗತಿಯೇನು ಎಂದು ಶಾಖೆಯಲ್ಲಿ ಇಂದೇ ವಿಚಾರಿಸಿ.
— ನಿವೃತ್ತ ಬ್ಯಾಂಕ್ ಅಧಿಕಾರಿ, ಹುಬ್ಬಳ್ಳಿ

ಮುಂದಿನ ಪತ್ರವನ್ನು ಅದರ ಉದ್ದಕ್ಕೆ ಹೆದರಿ ಕತ್ತರಿಸಲು ಹೊರಟೆವು. ಎಲ್ಲಿ ಕತ್ತರಿಸಬೇಕೆಂದು ತಿಳಿಯದೆ ಹಾಗೆಯೇ ಬಿಟ್ಟಿದ್ದೇವೆ.

ನಿಮ್ಮ ಪತ್ರವನ್ನು ಓದಿದ ರಾತ್ರಿ ನಾನು ಅಟ್ಟದ ಮೇಲಿದ್ದ ಹಳೆಯ ಟ್ರಂಕನ್ನು ಇಳಿಸಿಕೊಂಡೆ. 2009ರಲ್ಲಿ ನಾನು ಖಾಸಗಿ ಕಾಲೇಜೊಂದರ ಉಪನ್ಯಾಸಕ ಹುದ್ದೆಯನ್ನು ಬಿಟ್ಟವನು. ಅದಕ್ಕೆ ಮೊದಲಿನ ಎಂಟು ವರ್ಷಗಳಲ್ಲಿ, ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ, ಬಸ್ಸಿನಲ್ಲಿ, ಪರೀಕ್ಷೆಯ ಮೇಲ್ವಿಚಾರಣೆಗೆ ನಿಂತ ಕೊಠಡಿಯ ಕಿಟಕಿಯ ಬಳಿ ಬರೆದು ಒಂದು ಕಾದಂಬರಿಯನ್ನೂ ಇಪ್ಪತ್ತು ಕಥೆಗಳನ್ನೂ ಮುಗಿಸಿದ್ದೆ. ಬಿಟ್ಟ ನಂತರದ ಮೂರು ವರ್ಷಗಳಲ್ಲಿ ಮುಗಿಸಿದ್ದೆಷ್ಟು ಎಂದು ಯಾರಾದರೂ ಕೇಳಿದರೆ ನನ್ನ ಹೆಂಡತಿ ಇಂದಿಗೂ ಮಾತು ಬದಲಿಸಿ ಚಹಾ ಇಡಲು ಏಳುತ್ತಾಳೆ.

ನಾನು ಸೋಮಾರಿಯಾಗಿದ್ದೆನೆಂದು ತಿಳಿಯಬೇಡಿ, ದಿನಕ್ಕೆ ಹತ್ತು ಗಂಟೆ ಮೇಜಿನ ಮುಂದೆ ಕೂರುತ್ತಿದ್ದೆ. ಸಾಮಾಜಿಕ ಕಾದಂಬರಿ ಬರೆಯುವವನಿಗೆ ಊರು, ಬೀದಿ, ಬಸ್ಸು, ಹಣ ಎಲ್ಲವೂ ಮೊದಲೇ ಸಿದ್ಧವಾಗಿರುತ್ತವೆ. ಫ್ಯಾಂಟಸಿ ಬರೆಯುವ ನಮ್ಮಂಥವರು ಉಪ್ಪಿನ ಬೆಲೆಯಿಂದ ಹಿಡಿದು ಹೊಳೆ ಹರಿಯುವ ದಿಕ್ಕಿನವರೆಗೆ ಎಲ್ಲವನ್ನೂ ಹೊಸದಾಗಿ ಮಾಡಿಕೊಳ್ಳಬೇಕು, ಮತ್ತು ಸಮಯಕ್ಕೆ ಮಿತಿಯಿಲ್ಲದಿದ್ದರೆ ಆ ಮಾಡಿಕೊಳ್ಳುವಿಕೆಗೂ ಮಿತಿಯಿರುವುದಿಲ್ಲ. ಮೊದಲ ವರ್ಷ ನಾನು ನಕ್ಷೆ ಬರೆದೆ. ಎರಡನೆಯ ವರ್ಷ ಹದಿಮೂರು ತಿಂಗಳ ಪಂಚಾಂಗವನ್ನು ಮಾಡಿ, ಹಳಗನ್ನಡದ ವೈಯಾಕರಣ ಕೇಶಿರಾಜನನ್ನು ಎದುರಿಗಿಟ್ಟುಕೊಂಡು ಅಲ್ಲಿನ ಬೆಟ್ಟದ ಜನರ ಭಾಷೆಗೆ ಸಂಧಿ, ಸಮಾಸ, ವಿಭಕ್ತಿಗಳನ್ನು ಬರೆದೆ. ಮೂರನೆಯ ವರ್ಷ ಹಣ ಮುಗಿಯಿತು. ಕಾಲೇಜಿಗೆ ಹೋಗುತ್ತಿದ್ದಾಗ ಅರ್ಧ ಗಂಟೆ ಸಿಕ್ಕರೆ ರಾಜಕುಮಾರನನ್ನು ಹೊಳೆ ದಾಟಿಸಿಬಿಡುತ್ತಿದ್ದೆ. ಇಡೀ ದಿನ ಸಿಕ್ಕಾಗ ಆ ಹೊಳೆಯಲ್ಲಿ ಯಾವ ಮೀನುಗಳಿರಬೇಕೆಂದು ಯೋಚಿಸುತ್ತಿದ್ದೆ.

ಆ ಮೇಲೆ ಟೆಲಿವಿಷನ್ ಧಾರಾವಾಹಿಗಳಿಗೆ ಸಂಭಾಷಣೆ ಬರೆದೆ, ಈಗ ಪಠ್ಯಪುಸ್ತಕಗಳ ಕರಡು ತಿದ್ದುತ್ತೇನೆ. ಹೇಳಲು ನಾಚಿಕೆಯೆನಿಸುವ ಇನ್ನೊಂದು ಮಾತಿದೆ. ಮನೆಯ ಬಾಡಿಗೆ ಆ ರಾಜಕುಮಾರನ ಹೆಗಲಿಗೇರಿದ ದಿನದಿಂದ ಅವನ ಮುಖ ಕಂಡರೆ ನನಗೆ ಸಿಟ್ಟು ಬರತೊಡಗಿತು. ಟ್ರಂಕಿನಲ್ಲಿ ಸಿಕ್ಕ ನೋಟುಪುಸ್ತಕದಲ್ಲಿ ಆ ಭಾಷೆಯ ಎಂಟು ವಿಭಕ್ತಿಗಳೂ ಅಚ್ಚುಕಟ್ಟಾಗಿವೆ. ಯಾವ ಪಾತ್ರವೂ ಅದರಲ್ಲಿ ಒಂದು ವಾಕ್ಯವನ್ನೂ ಆಡಿಲ್ಲ. ಬಿಡಬೇಡಿ ಎಂದು ನಿಮಗೆ ಹೇಳುವ ಅಧಿಕಾರ ನನಗಿಲ್ಲ, ಕಾಲೇಜಿನಲ್ಲೇ ಉಳಿದಿದ್ದರೆ ಬರೆದೇ ಬರೆಯುತ್ತಿದ್ದೆನೆಂಬುದಕ್ಕೆ ಸಾಕ್ಷಿಯೂ ಇಲ್ಲ. ಆದರೆ ಅಂದು "ಧೈರ್ಯ ಮಾಡು" ಎಂದು ಬೆನ್ನು ತಟ್ಟಿದ ಗೆಳೆಯರಲ್ಲಿ ಒಬ್ಬರೂ ತಮ್ಮ ಕೆಲಸ ಬಿಡಲಿಲ್ಲ. ಅದು ಈಗಲೂ ನೆನಪಾಗುತ್ತದೆ.
— ಹೆಸರು ಬೇಡವೆಂದವರು, ಧಾರವಾಡ

ಇದಕ್ಕೆ ಜೊತೆಯಾಗಿ ಬಂದ ಅತ್ಯಂತ ಚಿಕ್ಕ ಪತ್ರ ಇದು.

ಹತ್ತರಿಂದ ಐದರ ಕೆಲಸ, ಭಾನುವಾರ ರಜೆ, ಒಪ್ಪುವ ಗಂಡ. ರಾತ್ರಿ ಪಾಳಿ ಮುಗಿಸಿ ಬರೆಯುವವರೂ ಈ ನಾಡಿನಲ್ಲಿದ್ದಾರೆ. ಸಮಸ್ಯೆ ಯಾವುದೆಂದು ನನಗೆ ತಿಳಿಯಲಿಲ್ಲ.
— ಶುಶ್ರೂಷಕಿ, ಕಲಬುರಗಿ

ಮಾತು ಖಾರವಾಗಿದ್ದರೂ ಅದನ್ನು ಆಡಿದವರಿಗೆ ಆಡುವ ಹಕ್ಕಿದೆ ಎನಿಸಿತು. ಮೈಸೂರಿನಿಂದ ಬಂದ ಪತ್ರ ಅದೇ ಮಾತನ್ನು ಸಮಾಧಾನದಿಂದ ಹೇಳುತ್ತದೆ.

ಪೂರ್ಣಾವಧಿ ಲೇಖಕ ಎಂಬ ಕಲ್ಪನೆಯೇ ಈ ಪ್ರಕಾರದ ಅತಿ ದೊಡ್ಡ ಫ್ಯಾಂಟಸಿ ಎಂದು ನಾನು ವಿದ್ಯಾರ್ಥಿಗಳಿಗೆ ಹೇಳುವುದುಂಟು. ವಿಜ್ಞಾನ ಕಾದಂಬರಿಕಾರ ಐಸಾಕ್ ಅಸಿಮೋವ್ ಬೋಸ್ಟನ್ ವಿಶ್ವವಿದ್ಯಾಲಯದಲ್ಲಿ ಜೀವರಸಾಯನಶಾಸ್ತ್ರ ಕಲಿಸುತ್ತಿದ್ದರು. 1952ರ ಹೊತ್ತಿಗೇ ಬರವಣಿಗೆಯ ಆದಾಯ ಸಂಬಳವನ್ನು ಮೀರಿದ್ದರೂ ಅವರು ತಾವಾಗಿ ಹೊರಬರಲಿಲ್ಲ. ಸಂಶೋಧನೆ ಮಾಡುತ್ತಿಲ್ಲವೆಂದು 1958ರಲ್ಲಿ ಅವರನ್ನು ಬೋಧನೆಯಿಂದ ಬಿಡಿಸಲಾಯಿತು, ಆಗಲೂ ಹುದ್ದೆಯ ಹೆಸರನ್ನು ಉಳಿಸಿಕೊಳ್ಳಲು ಅವರು ಹೋರಾಡಿದರು. ಫ್ಯಾಂಟಸಿ ಲೇಖಕ ಟೆರಿ ಪ್ರಾಚೆಟ್ ಅವರ ಮೊದಲ ಕಾದಂಬರಿ ಬಂದದ್ದು 1971ರಲ್ಲಿ. ಇಂಗ್ಲೆಂಡಿನ ವಿದ್ಯುತ್ ಮಂಡಳಿಯ ಪತ್ರಿಕಾ ಅಧಿಕಾರಿಯ ಕೆಲಸವನ್ನು ಅವರು ಬಿಟ್ಟದ್ದು 1987ರಲ್ಲಿ. ಅಮೆರಿಕದ ವಿಜ್ಞಾನ ಕಾದಂಬರಿಕಾರ್ತಿ ಆಕ್ಟೇವಿಯಾ ಬಟ್ಲರ್ ಪಾತ್ರೆ ತೊಳೆದರು, ಆಲೂಗಡ್ಡೆ ಚಿಪ್ಸ್ ಪರೀಕ್ಷಿಸುವ ಕೆಲಸ ಮಾಡಿದರು, ರಾತ್ರಿ ಎರಡು ಗಂಟೆಗೆ ಎದ್ದು ಬರೆದರು. ನಮ್ಮ ಪಕ್ಕದ ಮರಾಠಿಯಲ್ಲಿ ಖಗೋಳವಿಜ್ಞಾನಿ ಜಯಂತ ನಾರಳೀಕರ್ 1974ರಲ್ಲಿ ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗುಮುರುಗು ಮಾಡಿ, ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಿನಲ್ಲಿ ಕಥಾಸ್ಪರ್ಧೆಗೆ ವಿಜ್ಞಾನ ಕಥೆ ಕಳುಹಿಸಿ ಬಹುಮಾನ ಪಡೆದರು. ಮೂಡಿಗೆರೆಯ ತೇಜಸ್ವಿಯವರಿಗೆ ಬೆನ್ನಿಗೆ ಕಾಫಿ ತೋಟವಿತ್ತು ಎಂಬುದನ್ನು ನಾವು ಅವರ ಧೈರ್ಯವನ್ನು ಹೊಗಳುವಾಗ ಮರೆಯುತ್ತೇವೆ. ನಿಮ್ಮ ಕಾಫಿ ತೋಟ ಬ್ಯಾಂಕಿನ ಕೌಂಟರ್ ಎಂದು ತಿಳಿಯಿರಿ.
— ಸಾಹಿತ್ಯದ ಅಧ್ಯಾಪಕ, ಮೈಸೂರು

ಕೆಲವರು ಕೇಳಿದ ಪ್ರಶ್ನೆಯನ್ನು ಬಿಟ್ಟು ಬೇರೆಯದನ್ನು ಎತ್ತಿಕೊಂಡಿದ್ದಾರೆ. ಅವುಗಳಲ್ಲಿ ಎರಡನ್ನು ಇಲ್ಲಿ ಕೊಡುತ್ತೇವೆ. ಮೊದಲನೆಯದು ಲೇಖಕಿಯನ್ನೇ ತರಾಟೆಗೆ ತೆಗೆದುಕೊಂಡಿದೆ.

"ಮಕ್ಕಳ ಸಾಹಿತ್ಯ" ಎಂದದ್ದನ್ನು ನೀವು ಅವಮಾನವೆಂದು ಬರೆದಿದ್ದೀರಿ. ಮೂವತ್ತು ವರ್ಷಗಳಿಂದ ಮಕ್ಕಳಿಗಾಗಿ ಬರೆಯುತ್ತಿರುವ ನನಗೆ ಆ ವಿಮರ್ಶಕರ ಮಾತಿಗಿಂತ ನಿಮ್ಮ ನೋವೇ ಹೆಚ್ಚು ನೋವು ತಂದಿತು. ಚಂದಮಾಮದಲ್ಲಿ ಬೇತಾಳನ ಕಥೆಗಾಗಿ ತಿಂಗಳುಗಟ್ಟಲೆ ಕಾದ ಮಕ್ಕಳೇ ಇಂದು ನಿಮ್ಮ ದೊಡ್ಡ ಓದುಗರು. ಹನ್ನೆರಡು ವರ್ಷದ ಓದುಗನಿಗೆ ಬೇಸರವಾದರೆ ಆತ ಮುಲಾಜಿಲ್ಲದೆ ಪುಸ್ತಕ ಮುಚ್ಚುತ್ತಾನೆ, ಅಂಥವನನ್ನು ಕೊನೆಯ ಪುಟದವರೆಗೆ ಕರೆದೊಯ್ಯುವುದು ಕೀಳು ಕೆಲಸವಲ್ಲ.
— ಮಕ್ಕಳ ಕಥೆಗಾರ್ತಿ, ಶಿವಮೊಗ್ಗ

ಎಲ್ಲರೂ ನೌಕರಿಯ ಬಗ್ಗೆಯೇ ಬರೆಯುತ್ತೀರಿ, ಒಪ್ಪಂದದ ಬಗ್ಗೆ ಯಾರೂ ಕೇಳುವುದಿಲ್ಲ. ಪ್ರಕಾಶಕರೊಂದಿಗೆ ಲಿಖಿತ ಒಪ್ಪಂದವಿದೆಯೇ? 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಸೆಕ್ಷನ್ ಪ್ರಕಾರ ಬರಹವಿಲ್ಲದೆ, ಸಹಿಯಿಲ್ಲದೆ ಹಕ್ಕಿನ ವರ್ಗಾವಣೆ ಊರ್ಜಿತವಾಗದು. ಅವಧಿಯನ್ನು ನಮೂದಿಸದಿದ್ದರೆ ಅದನ್ನು ಐದು ವರ್ಷವೆಂದು ತಿಳಿಯಬೇಕು. ಬಾಯಿಮಾತಿನಲ್ಲೇ ಮುಗಿಸಿದ್ದರೆ ಮೂರೂ ಸಂಪುಟಗಳ ಹಕ್ಕು ಇನ್ನೂ ನಿಮ್ಮ ಕೈಯಲ್ಲೇ ಇದೆ. ಟೋಲ್ಕಿನ್ ಆಕ್ಸ್‌ಫರ್ಡಿನಲ್ಲಿ ಪ್ರಾಧ್ಯಾಪಕರಾಗಿದ್ದುಕೊಂಡೇ ಬರೆದ "ದಿ ಲಾರ್ಡ್ ಆಫ್ ದಿ ರಿಂಗ್ಸ್" ಎಂಬ ಮಹಾಕೃತಿಯನ್ನು 1954-55ರಲ್ಲಿ ಮೂರು ಸಂಪುಟಗಳಾಗಿ ಹೊರತಂದ ಪ್ರಕಾಶಕರು ನಷ್ಟವಾಗುವುದೆಂದೇ ನಂಬಿದ್ದರು; ಖರ್ಚು ಹುಟ್ಟುವವರೆಗೆ ಲೇಖಕರಿಗೆ ಏನೂ ಇಲ್ಲ, ಆ ಮೇಲೆ ಲಾಭದಲ್ಲಿ ಸಮಪಾಲು ಎಂದು ಒಪ್ಪಂದವಾಗಿತ್ತು. ಆ ಲಾಭ ಏನಾಯಿತೆಂಬುದು ಜಗತ್ತಿಗೆ ಗೊತ್ತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೆ ನಿಮ್ಮ ಪುಸ್ತಕ ಹೋಗಿದೆಯೇ, ಹೋಗಿದ್ದರೆ ಆ ಹಣದಲ್ಲಿ ನಿಮ್ಮ ಪಾಲೆಷ್ಟು ಎಂದು ಬರಹದಲ್ಲೇ ಕೇಳಿ.
— ವಕೀಲೆ, ಬೆಂಗಳೂರು

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡಿಗರೊಬ್ಬರು ಕನ್ನಡದಲ್ಲಿ ಈ ಪ್ರಕಾರಕ್ಕೆ ಮಾರುಕಟ್ಟೆಯಿಲ್ಲವೆಂದೂ, ಎರಡನೆಯ ಸಂಪುಟವನ್ನು ನೇರವಾಗಿ ಇಂಗ್ಲಿಷಿನಲ್ಲೇ ಬರೆಯಬೇಕೆಂದೂ ಸಲಹೆ ನೀಡಿ, 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಉದಾಹರಿಸಿದ್ದಾರೆ. ಬಾನು ಮುಷ್ತಾಕ್ ಅವರು ಆ ಕಥೆಗಳನ್ನು ಬರೆದದ್ದು ಕನ್ನಡದಲ್ಲಿ, ಅವು ಇಂಗ್ಲಿಷಿಗೆ ಹೋದದ್ದು ದೀಪಾ ಭಾಸ್ತಿಯವರ ಅನುವಾದದಿಂದ ಎಂಬುದನ್ನಷ್ಟೇ ನೆನಪಿಸಿ ಆ ಪತ್ರವನ್ನು ಇಲ್ಲಿಗೆ ನಿಲ್ಲಿಸಿದ್ದೇವೆ.

ಬಿಡಿ ಎಂದವರ ಪತ್ರವೂ ಇರಲಿ. ಒಟ್ಟು ಮೂರು ಬಂದಿದ್ದವು, ಇದು ಅವುಗಳಲ್ಲಿ ಗಟ್ಟಿಯಾದದ್ದು.

ಎಲ್ಲರೂ ಪಿಂಚಣಿಯ ಲೆಕ್ಕ ಹೇಳುತ್ತಾರೆಂದು ನನಗೆ ಗೊತ್ತಿದೆ. ನನ್ನ ತಂದೆ ನಿವೃತ್ತಿಯ ನಂತರ ಬರೆಯುತ್ತೇನೆಂದು ಕಾಗದದ ರೀಮುಗಳನ್ನು ತಂದಿಟ್ಟುಕೊಂಡಿದ್ದರು. ನಿವೃತ್ತರಾದ ನಾಲ್ಕನೆಯ ತಿಂಗಳಲ್ಲಿ ತೀರಿಕೊಂಡರು. ಆ ಕಾಗದದ ಮೇಲೆ ನಾವು ಕಿರಾಣಿ ಪಟ್ಟಿ ಬರೆದೆವು.
— ಓದುಗ, ಶಿರಸಿ

ಕೊನೆಯ ಪತ್ರಕ್ಕೂ ನೌಕರಿಗೂ ಸಂಬಂಧವಿಲ್ಲ. ಆದರೂ ಲೇಖಕಿಗೆ ಇದೇ ಹೆಚ್ಚು ಉಪಯೋಗಕ್ಕೆ ಬರಬಹುದೆಂದು ನಮಗೆ ತೋರಿತು.

ಸಮಸ್ಯೆಯನ್ನು ಓದಿದ ಮೇಲೆ ಕುತೂಹಲದಿಂದ ಮೊದಲ ಸಂಪುಟವನ್ನು ತರಿಸಿ ಎರಡು ದಿನಗಳಲ್ಲಿ ಮುಗಿಸಿದೆ. ಒಂಬತ್ತನೆಯ ಅಧ್ಯಾಯದಲ್ಲಿ ದೊಡ್ಡ ಚಂದ್ರ ಹುಣ್ಣಿಮೆಯ ದಿನ ನಡುರಾತ್ರಿ ಹುಟ್ಟುತ್ತಾನೆ. ಹುಣ್ಣಿಮೆಯ ಚಂದ್ರನೆಂದರೆ ಸೂರ್ಯನಿಗೆ ಎದುರಾಗಿರುವ ಚಂದ್ರ; ಆತ ಸೂರ್ಯಾಸ್ತದ ಆಸುಪಾಸಿನಲ್ಲೇ ಹುಟ್ಟಬೇಕು. ನಡುರಾತ್ರಿ ಹುಟ್ಟುವವನು ಕೃಷ್ಣಪಕ್ಷದ ಅಷ್ಟಮಿಯ ಅರ್ಧಚಂದ್ರ. ಹದಿನಾಲ್ಕನೆಯ ಅಧ್ಯಾಯದಲ್ಲಿ ನಡುರಾತ್ರಿಯ ಹೊತ್ತಿಗೆ ಎರಡೂ ಚಂದ್ರರು ಪೂರ್ಣರಾಗಿದ್ದು ಒಬ್ಬ ಪೂರ್ವದ ಅಂಚಿನಲ್ಲಿ, ಇನ್ನೊಬ್ಬ ಪಶ್ಚಿಮದ ಅಂಚಿನಲ್ಲಿ ಇದ್ದಾರೆ. ಇಬ್ಬರೂ ಪೂರ್ಣರಾಗಿದ್ದರೆ ಇಬ್ಬರೂ ಸೂರ್ಯನ ಎದುರಿಗೇ ಇರಬೇಕು, ಅಂದರೆ ಒಬ್ಬರ ಪಕ್ಕದಲ್ಲಿ ಒಬ್ಬರು ನೆತ್ತಿಯ ಕಡೆಗೇ ಕಾಣಬೇಕು. ಎರಡು ಹುಣ್ಣಿಮೆಗಳು ಕೂಡುವ ರಾತ್ರಿ ಯುದ್ಧವಾಗುವುದೆಂದು ಪುಸ್ತಕದ ಕೊನೆಯಲ್ಲಿ ಸೂಚನೆಯಿದೆ. ಆ ಯುದ್ಧಕ್ಕೆ ಮೊದಲು ಆಕಾಶವನ್ನು ಸರಿಪಡಿಸಿಕೊಳ್ಳುವುದು ಒಳ್ಳೆಯದು. ಇಬ್ಬರು ಚಂದ್ರರ ಪರಿಭ್ರಮಣೆಯ ಅವಧಿಗಳನ್ನು ತಿಳಿಸಿದರೆ ಪಂಚಾಂಗವನ್ನು ಗುಣಿಸಿ ಕಳುಹಿಸುತ್ತೇನೆ.
— ನಿವೃತ್ತ ಭೌತಶಾಸ್ತ್ರ ಶಿಕ್ಷಕ, ಕುಂದಾಪುರ

ಈ ಪತ್ರವನ್ನು ಲೇಖಕಿಗೆ ಕೂಡಲೇ ತಲುಪಿಸಿದೆವು. ದೊಡ್ಡ ಚಂದ್ರನಿಗೆ 28 ದಿನ, ಚಿಕ್ಕವನಿಗೆ 11 ದಿನ ಎಂದು ಮರುದಿನ ಬೆಳಗಿನ ಐದು ಗಂಟೆಗೇ ಉತ್ತರ ಬಂದಿದೆ. ನೌಕರಿಯ ವಿಷಯವಾಗಿ ಅದರಲ್ಲಿ ಅವರು ಏನನ್ನೂ ಬರೆದಿಲ್ಲ.
— ಸಂ.