ವಿಶ್ವವಿದ್ಯಾಲಯದ ವೀಕ್ಷಣಾಲಯದಲ್ಲಿ ಉಚಿತ ಆಕಾಶ ವೀಕ್ಷಣೆ: ಯಾವ ರಾತ್ರಿ ಹೋಗುವುದು ಒಳ್ಳೆಯದು?

ಪ್ರಶ್ನೆ: ವಿಶ್ವವಿದ್ಯಾಲಯದ ವೀಕ್ಷಣಾಲಯವೊಂದು ತಿಂಗಳಿಗೆರಡು ರಾತ್ರಿ ಸಾರ್ವಜನಿಕರಿಗೆ ಉಚಿತವಾಗಿ ತೆರೆದಿರುತ್ತದೆ. ಒಂಬತ್ತು ವರ್ಷದ ಮಗಳನ್ನು ಹುಣ್ಣಿಮೆಯಂದು ಕರೆದೊಯ್ಯಬೇಕೆಂದಿದ್ದೇನೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಹುಣ್ಣಿಮೆಯೊಂದು ಬೇಡ. ನಾನು ಮೊದಲ ಸಲ ಹೋದದ್ದು ಅಂದೇ, ಕಂಡದ್ದು ಕಣ್ಣು ಕುಕ್ಕುವ ಬಿಳಿ ತಟ್ಟೆ ಮಾತ್ರ. ಆ ದಿನ ಬಿಸಿಲು ನಮ್ಮ ಬೆನ್ನ ಹಿಂದಿನಿಂದ ಬಂದಂತೆ ಚಂದ್ರನ ಮೇಲೆ ನೇರವಾಗಿ ಬೀಳುವುದರಿಂದ ಅಲ್ಲಿನ ಕುಳಿಗಳಿಗೂ ಬೆಟ್ಟಗಳಿಗೂ ನಮಗೆ ಕಾಣುವಂಥ ನೆರಳಿರುವುದಿಲ್ಲ. ನೆರಳಿಲ್ಲದೆ ಆಳ ತಿಳಿಯುವುದಿಲ್ಲ. ಶುಕ್ಲ ಅಷ್ಟಮಿಯ ಆಸುಪಾಸಿನಲ್ಲಿ ಹೋದರೆ, ಬೆಳಕು ಕತ್ತಲೆಗಳು ಕೂಡುವ ಗೆರೆಯ ಉದ್ದಕ್ಕೂ ಕುಳಿಗಳ ಅಂಚುಗಳು ಎದ್ದು ನಿಂತಂತೆ ಕಾಣುತ್ತವೆ, ಮತ್ತು ಸಂಜೆಯೇ ಚಂದ್ರ ಎತ್ತರದಲ್ಲಿರುವುದರಿಂದ ಮಗುವಿನ ನಿದ್ದೆಯೂ ಕೆಡುವುದಿಲ್ಲ. ಗುರು, ಶನಿಗಳಿಗೆ ಬೆಳದಿಂಗಳಿನಿಂದ ಹೆಚ್ಚು ಅಡ್ಡಿಯಿಲ್ಲ. 1610ರಲ್ಲಿ ಗೆಲಿಲಿಯೊ ಗುರುವಿನ ಬಳಿ ಕಂಡ ನಾಲ್ಕು ಉಪಗ್ರಹಗಳು ಚಿಕ್ಕ ದೂರದರ್ಶಕಕ್ಕೂ ಸಿಗುತ್ತವೆ. ಶನಿಯ ಉಂಗುರಗಳು 2025ರ ಮಾರ್ಚಿನಲ್ಲಿ ಭೂಮಿಯ ಕಡೆಗೆ ಅಂಚು ತಿರುಗಿಸಿದ್ದವು. ಈಗ ವರ್ಷದಿಂದ ವರ್ಷಕ್ಕೆ ಅಗಲವಾಗಿ ತೆರೆದುಕೊಳ್ಳುತ್ತಿವೆ.

ಉತ್ತರ 2: ಮೇಲಿನ ಮಾತು ಚಂದ್ರ ಮತ್ತು ಗ್ರಹಗಳಿಗೆ ಸರಿ. ನೀಹಾರಿಕೆಗಳನ್ನು, ಅಂದರೆ ಬಾಹ್ಯಾಕಾಶದ ಅನಿಲ-ಧೂಳಿನ ಮೋಡಗಳನ್ನು, ನೋಡುವ ಆಸೆಯಿದ್ದರೆ ಅಮಾವಾಸ್ಯೆಯ ಹತ್ತಿರದ ರಾತ್ರಿಯೇ ಬೇಕು. ಆದರೆ ಮಗಳಿಗೆ ಮೊದಲೇ ಹೇಳಿಡಿ: ಚಿತ್ರಗಳಲ್ಲಿರುವ ಕೆಂಪು, ನೀಲಿ ಬಣ್ಣಗಳು ಅಲ್ಲಿ ಕಾಣುವುದಿಲ್ಲ, ಏಕೆಂದರೆ ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಬಣ್ಣವನ್ನು ಗುರುತಿಸಲಾರದು. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿಯೂ ಬೂದು ಮಸುಕಿನಂತೆ ತೋರುತ್ತದೆ. ಅದನ್ನು ನೆಟ್ಟ ನೋಟದಿಂದ ನೋಡದೆ, ಸ್ವಲ್ಪ ಪಕ್ಕಕ್ಕೆ ದೃಷ್ಟಿಯಿಟ್ಟರೆ ಹೆಚ್ಚು ಸ್ಪಷ್ಟವಾಗುತ್ತದೆ. ಈ ಉಪಾಯವನ್ನು ಯಾರೋ ಸರತಿಯಲ್ಲಿ ನಿಂತಾಗ ಹೇಳಿಕೊಟ್ಟರು, ಅಲ್ಲಿಯವರೆಗೆ ನಾನು ಸುಮ್ಮನೆ ತಲೆಯಾಡಿಸಿ ಬರುತ್ತಿದ್ದೆ.

ಉತ್ತರ 3: ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕಾಗುತ್ತದೆ, ಮೊಬೈಲ್ ಪರದೆಯ ಒಂದು ಕ್ಷಣದ ಬೆಳಕು ಅದನ್ನು ಹಾಳುಮಾಡುತ್ತದೆ. ಟಾರ್ಚಿಗೆ ಕೆಂಪು ಹಾಳೆ ಸುತ್ತಿಕೊಂಡು ಹೋಗಿ. ಸ್ವೆಟರ್ ಮರೆಯಬೇಡಿ, ಒಳಗಿನ ಬೆಚ್ಚನೆಯ ಗಾಳಿ ಮೇಲೇಳುವಾಗ ಬಿಂಬ ನಡುಗುವುದರಿಂದ ಗುಮ್ಮಟದ ಒಳಗನ್ನೂ ಹೊರಗಿನಷ್ಟೇ ತಣ್ಣಗಿಟ್ಟಿರುತ್ತಾರೆ. ಐಪೀಸ್ (ದೂರದರ್ಶಕದಲ್ಲಿ ಕಣ್ಣಿಟ್ಟು ನೋಡುವ ಭಾಗ) ಮಗಳ ಎತ್ತರಕ್ಕೆ ಸಿಗದಿದ್ದರೆ ಏಣಿಯನ್ನು ಹಿಡಿದುಕೊಳ್ಳಲಿ, ದೂರದರ್ಶಕವನ್ನಲ್ಲ. ಮೋಡ ಕವಿದರೆ ವೀಕ್ಷಣೆ ನಡೆಯುವುದಿಲ್ಲವಾದ್ದರಿಂದ ಹೊರಡುವ ಮುನ್ನ ಒಮ್ಮೆ ವಿಚಾರಿಸಿಕೊಳ್ಳಿ.