ಮೊಟೆಗಿ ರೇಸ್ ಟ್ರ್ಯಾಕ್ ಪಕ್ಕದ ಕಾಡಲ್ಲಿ ಮರ ಕಡಿಯೋದು ಯಾಕೆ?

ಪ್ರಶ್ನೆ: ಜಪಾನಿನ ಮೊಬಿಲಿಟಿ ರೆಸಾರ್ಟ್ ಮೊಟೆಗಿಯ ‘ಹಲೋ ವುಡ್ಸ್’ ಕಾಡಲ್ಲಿ ಬೇಕಂತಲೇ ಮರ ಕಡೀತಾರಂತೆ. ಇದೆಂಥ ಪರಿಸರ ಕಾಳಜಿ?

ಉತ್ತರ 1: ಅದು ಸತೋಯಾಮಾ, ಹಿಂದೆ ಊರವರು ಸೌದೆ, ಇದ್ದಿಲಿಗೆ ಬಳಸಿದಂಥ ಕಾಡು. ಅಲ್ಲಿನ ಕೊನಾರಾ ಅನ್ನೋ ಜಾತಿಯ ಓಕ್ ಮರವನ್ನು 15–20 ವರ್ಷಕ್ಕೊಮ್ಮೆ, ಎಲೆ ಉದುರಿದ ಮೇಲೆ ಚಳಿಗಾಲದಲ್ಲಿ ಬುಡಕ್ಕೆ ಹತ್ತಿರ ಕಡಿದರೆ ಮತ್ತೆ ಚಿಗುರುತ್ತೆ. ಎತ್ತರಕ್ಕೆ ಕಡಿದರೆ ಚಿಗುರು ಗಾಳಿಗೆ ಸಿಗಿದು ಬೀಳುತ್ತೆ. ಆಮೇಲೆ ಗಟ್ಟಿಯಾದ ಎರಡ್ಮೂರು ಚಿಗುರು ಬಿಟ್ಟು ಉಳಿದದ್ದು ಸವರಬೇಕು.

ಉತ್ತರ 2: ಸುಮ್ಮನೆ ಬಿಟ್ಟರೇ ಅಪಾಯ. ಓಕ್ ಕೊರೆಯುವ ದುಂಬಿಗೆ ದಪ್ಪ, ಹಳೇ ಕಾಂಡವೇ ಇಷ್ಟ. ಅದು ತರುವ ಶಿಲೀಂಧ್ರ ನೀರು ಮೇಲೇರದಂತೆ ತಡೆದು, ಬೇಸಿಗೆಯಲ್ಲೇ ಮರ ಒಣಗುತ್ತೆ. ಬುಡದಲ್ಲಿ ಮರದ ಪುಡಿ ಕಂಡರೆ ಈ ದುಂಬಿಯದೇ ಕಾಟ ಅಂತ ಅನುಮಾನಿಸಿ.

ಪ್ರಶ್ನೆ: ಕಡಿದ ಮರ ಯಾವುದಕ್ಕೆ ಬಳಸಬಹುದು?

ಉತ್ತರ 1: ಸುಮಾರು 10–15 ಸೆಂ.ಮೀ. ದಪ್ಪದ ತುಂಡು ಅದರ ಮೇಲೆ ಶಿಟಾಕೆ ಅಣಬೆ ಬೆಳೆಸೋಕೆ ಸರಿ. ಉಳಿದದ್ದು ಸೌದೆಗೆ.